ಎರಡು ಚೌಕ ಚಾಕೊಲೇಟು, ಒಂದು ಚೊಂಬು ಮಜ್ಜಿಗೆ

ನಾನು ಮೊಟ್ಟಮೊದಲು ತಿಂದ ಚಾಕೊಲೇಟು ಸಿಹಿಯಾಗಿರಲಿಲ್ಲ. ಯುದ್ಧದ ಕಾಲ. ಸಿಪಾಯಿಗಳಿಗೆಂದು ಮಾಡಿದ, ಬೆಲ್ಲದಚ್ಚಿನಷ್ಟು ಗಟ್ಟಿಯಾದ ಕಹಿ ಬಾರ್ ಅದು. ಕೋಲಾರದ ನಮ್ಮ ಕಾನ್ವೆಂಟಿನಲ್ಲಿ ಆಟ ಕಲಿಸುತ್ತಿದ್ದ ಸಿಸ್ಟರ್‌ಗೆ ಬೆಂಗಳೂರು ದಂಡಿನಿಂದ ಯಾರೋ ಕಳಿಸುತ್ತಿದ್ದರು.

ನಾನಿದ್ದದ್ದು ಸೋದರತ್ತೆಯ ಮನೆಯಲ್ಲಿ; ಅಪ್ಪ ಅಮ್ಮ ಶ್ರೀನಿವಾಸಪುರದಲ್ಲಿದ್ದರು. ದೊಡ್ಡವಳಾದ ಮೇಲೆ ನನ್ನ ಲೋಕವೆಂದರೆ ಅತ್ತೆಯ ನಡುಮನೆ, ಪರದೆ ಕಟ್ಟಿದ ಜಟಕಾ, ಕ್ಲಾಸ್‌ರೂಮು, ಮತ್ತೆ ಜಟಕಾ. ಕಿಟಕಿಯ ಬಳಿ ನಿಂತರೂ ‘ಒಳಗೆ ಬಾ’, ಜಗಲಿಗೆ ಕಾಲಿಟ್ಟರೂ ‘ಒಳಗೆ ಬಾ’. ಕಾನ್ವೆಂಟಿನ ಕಾಂಪೌಂಡ್ ಗೋಡೆಯೇನೂ ಕಡಿಮೆ ಎತ್ತರದ್ದಲ್ಲ. ಆದರೆ ಆ ಗೋಡೆಯೊಳಗೆ ಓಡಬಹುದಿತ್ತು.

ಆ ವರ್ಷ ಮುಳಬಾಗಿಲಿನಿಂದ ಸಂಬಂಧ ಬಂತು. ನಾನು ಅತ್ತು ಊಟ ಬಿಟ್ಟಾಗ, ಆ ಮಾತುಕತೆಗೆಂದು ಅತ್ತೆಯ ಮನೆಗೆ ಬಂದಿದ್ದ ಅಪ್ಪ ನಕ್ಕರು. “ಅದೇನೋ ಓಡ್ತೀಯಂತಲ್ಲಮ್ಮ. ಸ್ಪೋರ್ಟ್ಸ್‌ನಲ್ಲಿ ಫಸ್ಟ್ ಬಾ, ಇನ್ನೊಂದು ವರ್ಷ ಓದು. ಅವರಿಗೆ ನಾನು ಹೇಳ್ಕೋತೀನಿ.” ತಮಾಷೆಗೆ ಅಂದದ್ದಿರಬಹುದು. ಆದರೂ ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

ತೊಂದರೆ ಇದ್ದದ್ದು ನನ್ನ ಹೊಟ್ಟೆಯಲ್ಲಿ. ಅತ್ತೆಯ ಮನೆಯಲ್ಲಿ ಪೂಜೆ ಮುಗಿಯದೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ನಾನು ಪ್ರಾಕ್ಟೀಸಿಗೆ ಹೊರಡುವ ಹೊತ್ತಿಗೆ ಮಾವನ ಪೂಜೆ ಅರ್ಧವೂ ಆಗಿರುತ್ತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಕಣ್ಣು ಕತ್ತಲಿಡುತ್ತಿತ್ತು. ಸಿಸ್ಟರ್ ಕಾರಣ ಕೇಳಿ ತಿಳಿದು, ಆ ಬಾರಿನಿಂದ ಎರಡು ಚೌಕ ಮುರಿದುಕೊಟ್ಟರು. “ಸ್ಲೋಲಿ, ಚೈಲ್ಡ್. ನೀರು ಒಂದೇ ಗುಟುಕು.” ಅರ್ಧ ಗಂಟೆ ಬಿಟ್ಟು ಓಡಿದೆ. ನೆಲ ತಿರುಗಲಿಲ್ಲ. ಅದು ಚಾಕೊಲೇಟಿನ ಶಕ್ತಿಯೋ, ಬರಿಹೊಟ್ಟೆಗೆ ಏನೋ ಒಂದಿಷ್ಟು ಬಿದ್ದದ್ದರ ಗುಣವೋ, ಇವತ್ತಿಗೂ ಹೇಳಲಾರೆ. ಅವತ್ತು ಮಾತ್ರ ಮ್ಯಾಜಿಕ್ ಎಂದೇ ನಂಬಿದೆ.

ಸ್ಪೋರ್ಟ್ಸ್ ಡೇ ದಿನ ಓಟ ಮಧ್ಯಾಹ್ನಕ್ಕಿತ್ತು. ಹಿಂದಿನ ದಿನವೇ ಸಿಸ್ಟರ್ ಕೊಟ್ಟಿದ್ದ ಎರಡು ಚೌಕಗಳನ್ನು ಹಿತ್ತಲ ಬಾವಿಕಟ್ಟೆಯ ಮರೆಯಲ್ಲಿ ಕೂತು ನಿಧಾನವಾಗಿ ಚೀಪಿದೆ. ತುಟಿ ಒರೆಸಿಕೊಳ್ಳುವುದು ಮರೆತೆ.

“ಏನೇ ಅದು ಬಾಯಲ್ಲಿ? ಕಾಡಿಗೆ ತಿಂದ್ಯಾ?” ಎಂದರು ಅತ್ತೆ.

ಸುಳ್ಳು ಕಾನ್ವೆಂಟಿನಲ್ಲಿ ಪಾಪ. ಹೇಳಿಬಿಟ್ಟೆ.

“ಅದು ಬರೀ ಉಷ್ಣ ಕಣೇ. ಈ ಬಿಸಿಲಲ್ಲಿ ತಿಂದು ಓಡಿದ್ರೆ ಮೂಗಲ್ಲಿ ರಕ್ತ ಬರುತ್ತೆ. ನಿಮ್ಮ ಸಿಸ್ಟರಮ್ಮನಿಗೇನು, ಚಳಿ ದೇಶದೋಳು.”

“ಸೋಲ್ಜರ್‌ಗಳು ತಿಂತಾರೆ, ಅತ್ತೆ.”

“ನೀನು ಯಾವ ಯುದ್ಧಕ್ಕೆ ಹೊರಟಿದ್ದೀಯೇ?”

ಬೈದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಆ ಮನೆಯಲ್ಲಿ ನಾನು ಗೆಲ್ಲಲೆಂದು ಬಯಸಿದವರು ಅತ್ತೆಯೊಬ್ಬರೇ. ಒಳಗೆ ಹೋಗಿ, ನೆನೆಸಿದ ಮೆಂತ್ಯ ಅರೆದು ಕದಡಿದ ಮಜ್ಜಿಗೆಯನ್ನು ಚೊಂಬಿನ ತುಂಬ ತಂದರು. “ಕುಡಿ ತಲ್ಲಿ, ತಂಪಾಗ್ಲಿ. ಗೆದ್ದು ಬಾ.” ಅಕ್ಕರೆ ಉಕ್ಕಿದಾಗ ಅವರ ನಾಲಿಗೆಗೆ ತೆಲುಗು ಬರುತ್ತಿತ್ತು. ಹೊರಗೆ ಜಟಕಾದವನು ಕೂಗುತ್ತಿದ್ದ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಚೊಂಬು ಬರಿದಾಗದೆ ಬಾಗಿಲು ಬಿಡುವವರಲ್ಲ. ಗಟಗಟ ಕುಡಿದೆ.

ಮೂರು ಸುತ್ತಿನ ಓಟ. ಎರಡು ಸುತ್ತು ನಾನೇ ಮುಂದಿದ್ದೆ. ಮೂರನೆಯದರಲ್ಲಿ ಮಜ್ಜಿಗೆ ಹೊಟ್ಟೆಯೊಳಗೆ ಕುಲುಕತೊಡಗಿತು, ಪಕ್ಕೆಯಲ್ಲಿ ಚಳುಕು ಹಿಡಿಯಿತು. ಹಿಂದಿನಿಂದ ಮಾಲೂರಿನ ಹುಡುಗಿಯ ಬರಿಗಾಲಿನ ಸಪ್ಪಳ ಹತ್ತಿರ ಬಂತು, ಪಕ್ಕಕ್ಕೆ ಬಂತು, ಮುಂದೆ ಹೋಯಿತು. ಪಕ್ಕೆ ಹಿಡಿದುಕೊಂಡೇ ಎರಡನೆಯವಳಾಗಿ ಸುಣ್ಣದ ಗೆರೆ ದಾಟಿದೆ.

“ಚಾಕೊಲೇಟು ಗಬಗಬ ತಿಂದೆಯಾ?” ಎಂದು ಸಿಸ್ಟರ್ ಕೇಳಿದರು. ಅತ್ತೆಯ ಹೆಸರು ಕೆಡಿಸಲಾರದೆ “ಯೆಸ್, ಸಿಸ್ಟರ್” ಎಂದೆ. ಅದು ಪಾಪವೆಂದು ಗೊತ್ತಿತ್ತು. ಮನೆಗೆ ಬಂದಾಗ ಅತ್ತೆ ನನ್ನ ತಲೆ ನೇವರಿಸಿ, “ಆ ದರಿದ್ರ ಚಾಕ್ಲೇಟೇ ಕೆಡಿಸ್ತು” ಎಂದು ಕಣ್ಣೊರೆಸಿಕೊಂಡರು. ಅವರಿಗೂ ಹೂಂ ಎಂದೆ. ಅಪ್ಪ ಮಾತಿಗೆ ತಪ್ಪಲಿಲ್ಲ. ಫಸ್ಟ್ ಬಂದರೆ ಎಂದಿದ್ದರು, ನಾನು ಬಂದಿರಲಿಲ್ಲ.

ಮುಳಬಾಗಿಲಿನ ಮನೆಯಲ್ಲಿ ಬೆಳಿಗ್ಗೆ ಮಜ್ಜಿಗೆ ಕಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಸೆರಗು ಸಿಕ್ಕಿಸಿ, ಹಿತ್ತಲ ಬಾಗಿಲಿನಿಂದ ಗೋಡೆಯವರೆಗೆ ಓಡುತ್ತಿದ್ದೆ. ಹದಿನಾಲ್ಕು ಹೆಜ್ಜೆಗೆ ಗೋಡೆ. ಮತ್ತೆ ಹದಿನಾಲ್ಕು ಹೆಜ್ಜೆ, ಬಾಗಿಲು.