ಸುಳ್ಯದಿಂದ ಹಿಂದಕ್ಕೆ

ಮಲಗಿದಲ್ಲಿಂದಲೇ ಸಮುದ್ರ ಕಾಣಬೇಕು ಎಂಬುದು ನನ್ನ ಹೆಂಡತಿಯ ಆಸೆ. ಲಾಡ್ಜಿನ ಹಾಸಿಗೆ ಅವಳಿಗೆ ಆಗದು. ಅದಕ್ಕೇ ಹೂಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತನಾದ ವರ್ಷ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ ಕೂರಿಸಿ, ಚಾವಣಿಯ ಮೇಲೆ ಏಸಿ ಹಾಕಿಸಿದೆ. ಮೈಸೂರಿನ ರಾಮಕೃಷ್ಣನಗರದ ನಮ್ಮ ಬೀದಿಯವರು ‘ಚಕ್ರದ ಮನೆ’ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ಅವಳ ಹೃದಯ ಅಷ್ಟು ಗಟ್ಟಿಯಿರಲಿಲ್ಲ. ಚಳಿಗಾಲವೆಲ್ಲ ಆಸ್ಪತ್ರೆಗೆ ಓಡಾಡುವುದರಲ್ಲೇ ಕಳೆಯಿತು. ಇನ್ನು ಹೋಗಿಬನ್ನಿ, ಆದರೆ ಸೆಕೆ ತಾಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ಶಿವರಾತ್ರಿ ಕಳೆದು ಬಿಸಿಲೇರಿತ್ತು. ಏಸಿ ಹಾಕಿದರೆ ಬರೀ ಸದ್ದು, ತಂಪೇ ಇಲ್ಲ. ನಾನು ಹಟಕ್ಕೆ ಬಿದ್ದೆ. ಒಳಗಿನ ಫಿಲ್ಟರ್ ತೊಳೆದೆ. ಕಿಟಕಿಗಳಿಗೆಲ್ಲ ಬೆಳ್ಳಿಬಣ್ಣದ ಹಾಳೆ ಅಂಟಿಸಿದೆ. ಮುಂಗಾಜಿನ ಬಿಸಿ ಹಿಂದಕ್ಕೆ ಬರದಿರಲೆಂದು ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಎಳೆದೆ. ಬಾಗಿಲಿನ ಸಂದಿಗಳಿಗೆ ಫೋಮ್ ಪಟ್ಟಿ ತುರುಕಿದೆ. ಅವಳು ಮೆಟ್ಟಿಲ ಮೇಲೆ ಕೂತು, "ಆಯ್ತಾ ಇಂಜಿನಿಯರ್ ಸಾಹೇಬ್ರೇ?" ಎಂದು ಕಾಲೆಳೆಯುತ್ತಿದ್ದಳು. ಸ್ವಲ್ಪ ವಾಸಿಯಾಯಿತು. ಅಷ್ಟು ಸಾಕೆಂದು ಹೊರಟೆವು.

ಮಡಿಕೇರಿಯವರೆಗೆ ಸುಖ. ಘಟ್ಟ ಇಳಿದದ್ದೇ ಗಾಡಿ ಕಾದ ಹೆಂಚಾಯಿತು. ಸುಳ್ಯ ಸೇರುವ ಹೊತ್ತಿಗೆ ಅವಳ ತುಟಿ ಬಿಳಿಚಿಕೊಂಡಿತ್ತು, ಏದುಸಿರು ಬಿಡುತ್ತಿದ್ದಳು. ಮರದ ನೆರಳಲ್ಲಿ ನಿಲ್ಲಿಸಿ, ನೀರು ಕುಡಿಸಿ, ಗಾಡಿಯನ್ನು ಮೈಸೂರಿನ ಕಡೆ ತಿರುಗಿಸಿದೆ.

"ಬುಡಿ, ಸಮುದ್ರ ಎಲ್ ಹೋಗ್ತದೆ? ಇನ್ನೊಂದ್ಸಲ ಬಂದ್ರಾಯ್ತು ಕಣ್ರೀ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಆಷಾಢದಲ್ಲಿ ಅವಳು ಹೋದಳು.

ಮುಂದಿನ ಬೇಸಿಗೆಗೆ ಗಾಡಿ ಮಾರಲು ಮನಸ್ಸು ಮಾಡಿದೆ. ಅದನ್ನು ದಿನಾ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಒಂಟಿಕೊಪ್ಪಲಿನಿಂದ ನೋಡಲು ಬಂದವರು ಏಸಿ ಸರಿಹೋದರೆ ತೆಗೆದುಕೊಳ್ಳುತ್ತೇವೆ ಎಂದರು. ಈ ಸಲ ಏಣಿ ಹಾಕಿ ಚಾವಣಿಗೆ ಹತ್ತಿ, ಏಸಿಯ ಮುಚ್ಚಳವನ್ನೇ ಬಿಚ್ಚಿದೆ. ಬಿಸಿಯನ್ನು ಆಚೆ ದಬ್ಬುವ ಜಾಲರಿಯ ತುಂಬ ಸೇವಂತಿಗೆ ಎಸಳು! ಒಣಗಿ, ಧೂಳು ಹಿಡಿದು, ಗಾಳಿಯಾಡದಂತೆ ಮೆತ್ತಿಕೊಂಡಿದ್ದವು. ದಾರವೂ ಇತ್ತು, ಅವಳು ಹಾಕಿದ ಗಂಟುಗಳ ಸಮೇತ.

ಗಾಡಿ ಬಂದ ವರ್ಷದ ಆಯುಧಪೂಜೆಯ ಹಾರ ಅದು. ಸ್ಪ್ಯಾನರಿಗೆ, ಮಿಕ್ಸಿಗೆ, ಗಾಡಿಗೆ ಕುಂಕುಮವಿಟ್ಟಾದ ಮೇಲೆ, "ಮೇಲಿರೋದೂ ದುಡಿಯೋದೇ ಅಲ್ವಾ? ಅದಕ್ಕೂ ಹಾಕ್ಬುಡಿ" ಎಂದು ತಾನೇ ಕಟ್ಟಿದ ಹಾರ ಕೊಟ್ಟಿದ್ದಳು. ಪೂಜೆಯ ಹಾರವನ್ನು ನಾವಾಗಿ ಕೀಳುತ್ತೇವೆಯೇ? ತಾನೇ ಒಣಗಿ ಉದುರಲೆಂದು ಬಿಟ್ಟಿದ್ದೆವು. ಉದುರಿದ್ದೆಲ್ಲ ಒಳಗೆ.

ಬ್ರಷ್ಷಿನಿಂದ ಎಸಳುಗಳನ್ನೆಲ್ಲ ಬಿಡಿಸಿ, ಕೆಳಗಿಳಿದು ಸ್ವಿಚ್ ಹಾಕಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೈ ನಡುಗುವಷ್ಟು ತಂಪು. ಈ ತಂಪಿನಲ್ಲಿ ಅವಳು ಕಡಲ ದಂಡೆಯವರೆಗೂ ನಿದ್ದೆ ಮಾಡಿಕೊಂಡು ಹೋಗಬಹುದಿತ್ತು. ಅಳುವಿಗಿಂತ ಮೊದಲು ನನಗೆ ನಗು ಬಂತು. ತನ್ನ ಹಾರವೇ ತನ್ನನ್ನು ದಾರಿಯಿಂದ ವಾಪಸು ಕರೆತಂದದ್ದು ಗೊತ್ತಾದರೆ ಹೊಟ್ಟೆ ಹಿಡಿದುಕೊಂಡು ನಗುವವಳು ಅವಳೇ. ಮಸಿ ಕೈಯಲ್ಲೇ ಮನೆಯೊಳಗೆ ನುಗ್ಗಿ, "ಏಯ್, ಬಾ ಇಲ್ಲಿ, ಯಾಕೆ ಅಂತ ಗೊತ್ತಾಯ್ತು! ಹೊರಡು, ಹೋಗೋಣ" ಎಂದು ಕೂಗುತ್ತ ಅಡುಗೆಮನೆಯ ಬಾಗಿಲವರೆಗೂ ಹೋದೆ.

ಒಳಗೆ ಯಾರೂ ಇರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತುಬಿಟ್ಟೆ. ಅವಳು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.