ಕೂಸುಗಳ ಮೂಗು ನೋಡುವ ಅಕ್ಕ

ಇಂದು ಬೆಳಗಿನ ಮಂಜು ಎಷ್ಟು ದಟ್ಟವೆಂದರೆ, ಬೀದಿದೀಪಗಳು ಕಂಬವಿಲ್ಲದೆ ಗಾಳಿಯಲ್ಲಿ ತೂಗುಬಿದ್ದಂತೆ ಕಾಣುತ್ತಿವೆ. ಹೆಗಲಿಗೆ ಐಸ್ ಪೆಟ್ಟಿಗೆ ಹಾಕಿಕೊಂಡ ಹೆಂಗಸೊಬ್ಬರು ಆ ಮಂಜಿನೊಳಗಿಂದ ಬರುತ್ತಾರೆ. ಮೊದಲ ಮನೆಯ ಬಾಗಿಲು ತಟ್ಟುವ ಮುನ್ನ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. "ತಣ್ಣನೆ ಕೈಲಿ ಮುಟ್ಟಿದ್ರೆ ಕೂಸು ಬೆಚ್ಚಿಬೀಳತ್ತೆ. ಆಮೇಲೆ ಏನು ಮಾಡಿದ್ರೂ ನಾನೇ ಕೆಟ್ಟವಳು" ಎಂದು ನಗುತ್ತಾರೆ.

ಆರೋಗ್ಯ ಕೇಂದ್ರದಲ್ಲಿ ಆಕೆಯ ಹುದ್ದೆಗೆ ಉದ್ದದ ಹೆಸರಿದೆ. ಓಣಿಯವರಿಗೆ ಮಾತ್ರ ಆಕೆ 'ಮೂಗಿನಕ್ಕ'. ತುದಿಯಲ್ಲಿ ಮೆತ್ತನೆಯ ಎಳೆಗಳಿರುವ ಸಣ್ಣ ಕಡ್ಡಿಯನ್ನು ಕೂಸಿನ ಮೂಗಿನೊಳಗೆ ಹಾಯಿಸಿ, ತಿರುಗಿಸಿ, ಅಳು ಶುರುವಾಗುವಷ್ಟರಲ್ಲಿ ಹೊರತೆಗೆಯುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮೂಗು. ಎಳೆಯ ಮೂಗಿನಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಸಿವೆ, ನ್ಯುಮೋನಿಯಾ ತಡೆಯುವ ಲಸಿಕೆಯ ನಂತರ ಯಾವುವು ಕಾಲ್ಕಿತ್ತಿವೆ ಎಂಬುದು ಪ್ರಯೋಗಾಲಯಕ್ಕೆ ಆ ಕಡ್ಡಿಯಿಂದಲೇ ತಿಳಿಯಬೇಕು.

"ಒಕ್ಕಲು ಬಂದವರಿದ್ದ ಹಾಗೆ ಅವು. ಪಾಪ, ತಮ್ಮ ಪಾಡಿಗೆ ಇರ್ತವೆ. ಒಂದು ದಿನ ಯಾವುದಕ್ಕೋ ತಲೆಕೆಟ್ಟು ಎದೆಗೋ ಮಿದುಳಿಗೋ ನುಗ್ಗಿದ್ರೆ ಮಾತ್ರ ಮನೆ ಹಾಳು."

ಆಕೆಯ ಬಾಲ್ಯದಲ್ಲಿ ಈ ಲಸಿಕೆ ಇರಲಿಲ್ಲ. ಅಮ್ಮ ಕೆಲಸಕ್ಕೆ ಹೋದರೆ ತಮ್ಮನನ್ನು ಎತ್ತಿಕೊಂಡು ಬೀದಿ ಸುತ್ತುತ್ತಿದ್ದ ಹುಡುಗಿ. ಅವನ ಮೂಗು ಸದಾ ಸೋರುತ್ತಿತ್ತು. ಅಕ್ಕನ ಲಂಗದ ಅಂಚೇ ಅವನ ಕರವಸ್ತ್ರ. "ಒರೆಸಿದ ತಕ್ಷಣ ಮತ್ತೆ ಸೋರಿಸ್ಕೊಂಡು ನನ್ನ ಮುಖ ನೋಡಿ ನಗೋನು, ಕಳ್ಳ." ಒಂದು ಚಳಿಗಾಲ ಜ್ವರ ತಲೆಗೇರಿತು, ಇಳಿಯಲೇ ಇಲ್ಲ. ಅಷ್ಟು ಹೇಳಿ ಆಕೆ ಪೆಟ್ಟಿಗೆಯ ಪಟ್ಟಿ ಸರಿಮಾಡಿಕೊಳ್ಳುತ್ತಾರೆ. ದೇವರ ಸದ್ದು ಕೇಳಬೇಕೆನ್ನುವವರು ನಿದ್ದೆಹೋದ ಕೂಸಿನ ಉಸಿರಿಗೆ ಕಿವಿಗೊಟ್ಟರೆ ಸಾಕೇನೋ. ಆಕೆ ಪ್ರತಿ ತೊಟ್ಟಿಲ ಬಳಿಯೂ ಕ್ಷಣಹೊತ್ತು ಹಾಗೆ ನಿಲ್ಲುತ್ತಾರೆ.

ಇಂದು ಆಕೆಗಿರುವ ಆತಂಕ ದರ್ಜಿಯ ಮನೆಯದು. ಮೊದಲ ಭೇಟಿಯ ದಿನ, ನೆಂಟರು ಬರುತ್ತಾರೆಂದು ಮನೆ ಗುಡಿಸುವ ಹಾಗೆ, ಆ ಮನೆಯ ಅಜ್ಜಿ ಮೊಮ್ಮಗನ ಮೂಗನ್ನು ಉಪ್ಪುನೀರಿನಿಂದ ತೊಳೆದಿಟ್ಟಿದ್ದರು. ಕಡ್ಡಿಯಲ್ಲಿ ಏನೂ ಸಿಗಲಿಲ್ಲ. ತೊಳೆಯಬೇಡಿ ಎಂದು ಹೇಳಿ ಮತ್ತೆ ಮಾದರಿ ತೆಗೆದಾಗ ಬ್ಯಾಕ್ಟೀರಿಯಾ ಸಿಕ್ಕವು, ಅಜ್ಜಿಗೆ ಅವಮಾನವಾಯಿತು. ಲಸಿಕೆ ಹಾಕಿದ ರಾತ್ರಿ ಜ್ವರವೂ ಬಂತು. ಅಂದಿನಿಂದ ಬಾಗಿಲು ಬಂದ್. ಉಳಿದಿರುವ ಕೊನೆಯ ಡೋಸು ತಪ್ಪಿದರೆ ಕೂಸಿನ ಕಾವಲು ಅರ್ಧಕ್ಕೇ ನಿಂತಂತೆ.

ಬಾಗಿಲು ಗೇಣಷ್ಟು ತೆರೆಯುತ್ತದೆ.

"ಬಂದ್ಯಾ? ನಮ್ಮ ಮನೆ ಕೊಳಕು ಅಂತ ಊರಿಗೆಲ್ಲ ಸಾರಿ ಆಯ್ತಾ?"

"ಕೊಳಕಲ್ಲ ಅಜ್ಜಿ, ಎಲ್ಲರ ಮೂಗಲ್ಲೂ ಇರತ್ತೆ. ನಿಮ್ಮ ಮೂಗಲ್ಲಿ ನೋಡಿದ್ರೆ ಅಲ್ಲೂ ಸಿಗಬಹುದು. ದಿನಾ ಕೂಸಿಗೆ ಮುತ್ತು ಕೊಡೋರು ಯಾರು ಮತ್ತೆ?"

ಒಳಗೆ ಸೊಸೆ ಸೆರಗು ಬಾಯಿಗೊತ್ತಿ ನಗುತ್ತಾಳೆ.

"ನಗು ನಗು. ಅವತ್ತು ಅವನ ಮೈ ಕೆಂಡ ಆಗಿತ್ತು. ರಾತ್ರಿಯೆಲ್ಲ ತೊಟ್ಟಿಲು ತೂಗಿದ್ದು ನಾನು, ಇವಳಲ್ಲ."

ಮೂಗಿನಕ್ಕ ವಾದಿಸುವುದಿಲ್ಲ. "ನಿಜ ಅಜ್ಜಿ. ಜ್ವರ ಬರಬಹುದು, ಒಂದೆರಡು ದಿನಕ್ಕೆ ಬಿಡತ್ತೆ ಅಂತ ನಾವು ಮೊದಲೇ ಹೇಳಬೇಕಿತ್ತು. ಇವತ್ತು ಸಂಜೆ ನಾನೇ ಬಂದು ತೊಟ್ಟಿಲ ಹತ್ರ ಕೂರ್ತೀನಿ. ಇನ್ನೊಂದು ಮಾತು. ಕೂಸಿನ ಮೂಗಲ್ಲಿ ಅದು ಕಮ್ಮಿ ಆದ್ರೆ ನಿಮ್ಮ ಎದೆಗೆ ಅಂಟೋದೂ ಕಮ್ಮಿ."

"ಚುಚ್ಚೋದು ಅವನಿಗೆ, ಗುಣ ನನಗಾ? ಒಳ್ಳೇ ಕಥೆ ಕಟ್ತೀಯಮ್ಮ!" ಎನ್ನುತ್ತಲೇ ಅಜ್ಜಿ ಚಪ್ಪಲಿ ಹುಡುಕುತ್ತಾರೆ.

ಕೇಂದ್ರದ ಕೋಣೆಯಲ್ಲಿ ನರ್ಸಮ್ಮ ಸಿರಿಂಜ್ ಸಿದ್ಧಮಾಡುವಾಗ ಸೊಸೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಜ್ಜಿಯೇ ಕೂಸನ್ನು ಮೂಗಿನಕ್ಕನ ತೋಳಿಗೆ ಕೊಡುತ್ತಾರೆ. "ನಗ್ತಾ ಇರೋ ಮಗೂನ ಕೊಟ್ಟಿದ್ದೀನಿ. ನಗ್ತಾ ಇರೋದನ್ನೇ ವಾಪಸ್ ಕೊಡಬೇಕು, ನೋಡು." ಹೇಳಿ ಗೋಡೆಯತ್ತ ಮುಖ ತಿರುಗಿಸುತ್ತಾರೆ.

ಸೂಜಿ ತಾಗಿ ಕೂಸು ಕಿರುಚುತ್ತದೆ. ಮೂಗಿನಕ್ಕ ಅದನ್ನು ಎದೆಗವಚಿಕೊಂಡು ಪಡಸಾಲೆಯ ಉದ್ದಕ್ಕೂ ಓಡಾಡುತ್ತಾರೆ. ಸಾಲಿನಲ್ಲಿ ಕಾಯುವವರು ದಾರಿ ಬಿಡುತ್ತಾರೆ. ಅಳು ಬಿಕ್ಕಾಗಿ, ಬಿಕ್ಕು ನಿಟ್ಟುಸಿರಾಗಿ ಇಳಿಯುತ್ತದೆ. ಅಜ್ಜಿ ಇನ್ನೂ ತಿರುಗಿಲ್ಲ. ಮೂಗಿನಕ್ಕ ಕೆನ್ನೆಯುಬ್ಬಿಸಿ 'ಫೂ' ಎನ್ನುತ್ತಾರೆ. ಕೂಸು ಅನುಮಾನದಿಂದ ನೋಡಿ, ಆ ಉಬ್ಬಿದ ಕೆನ್ನೆಗೆ ಪಟ್ಟನೆ ಬಡಿದು, ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತದೆ.

ಆಕೆ ಕೋಣೆಗೆ ಮರಳಿ, ಕೂಸನ್ನು ಅಜ್ಜಿಯ ಮಡಿಲಿಗೆ ಹಾಕುತ್ತಾರೆ.