ಮಾಳಿಗೆ ಕೋಣೆಯ ವಿಜ್ಞಾನಿ

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಟೀವಿಯಲ್ಲಿ ಹುಚ್ಚು ವಿಜ್ಞಾನಿಗಳ ಹಳೆಯ ಕಪ್ಪು-ಬಿಳುಪು ಸಿನಿಮಾ ನೋಡುತ್ತೇನೆ. ಈ ಚಟ ಹತ್ತಿದ್ದು ಬಾಗಲಕೋಟೆಯ ಕಾನ್ವೆಂಟಿನಲ್ಲಿ. ಪರೀಕ್ಷೆ ಮುಗಿದ ದಿನ ಸಿಸ್ಟರ್ ಇಂಥ ಕ್ಯಾಸೆಟ್ ಹಾಕುತ್ತಿದ್ದರು. ಮುದ್ದಿಡುವ ದೃಶ್ಯ ಬಂದರೆ ಪರದೆಗೆ ಅಡ್ಡ ನಿಲ್ಲುತ್ತಿದ್ದರು, ಹೆಣಕ್ಕೆ ಕರೆಂಟು ಕೊಡುವಾಗ ಸರಿದು ಕೂರುತ್ತಿದ್ದರು. ನನ್ನ ಕಣ್ಣು ಮಾತ್ರ ವಿಜ್ಞಾನಿಯ ಹೆಂಡತಿಯ ಮೇಲೆ. ಮುಚ್ಚಿದ ಬಾಗಿಲ ಮುಂದೆ ಊಟದ ತಟ್ಟೆ ಇಟ್ಟು, ಏನೂ ಕೇಳದೆ ಹೋಗುವವಳು. ಕಡೆಗೆ ಪ್ರಯೋಗಕ್ಕೆ ಸಿಗುವವಳೂ ಅವಳೇ.

ಹೋದ ವರ್ಷ ಇಳಕಲ್ಲಿನ ನಮ್ಮ ಮನೆಯಲ್ಲೂ ಒಂದು ಬಾಗಿಲು ಮುಚ್ಚತೊಡಗಿತು. ಮಾವನವರು ಹುನಗುಂದದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದವರು. ಊಟವಾದೊಡನೆ ಮಾಳಿಗೆಯ ಕೋಣೆ ಸೇರಿ ಚಿಲಕ ಹಾಕುತ್ತಿದ್ದರು. ಒಳಗೆ ಸ್ಟೋವಿನ ಸದ್ದು, ಕುಟ್ಟುವ ಸದ್ದು. ಇಳಿದು ಬಂದಾಗ ಬೆರಳ ತುದಿಗಳಲ್ಲಿ ಕೆಂಪು ಚುಕ್ಕೆಗಳು.

"ಮಾವಾರ, ಬೆರಳಿಗೆ ಏನಾತ್ರಿ?"

"ಗುಲಾಬಿ ಮುಳ್ಳವ್ವಾ."

ನಮ್ಮಲ್ಲಿ ಗುಲಾಬಿ ಗಿಡವೇ ಇಲ್ಲ.

ಆಗಲೇ ಅತ್ತೆಯ ಕಾಲ್ಬೆರಳಿನ ಗಾಯ ಮಾಯದೆ ಕಾಡುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ನಾನೇ ಅಳೆದು ಬಡಿಸುತ್ತಿದ್ದೆ. ಆದರೂ ದವಾಖಾನೆಗೆ ಹೋದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಸಿನಿಮಾ ನೋಡುತ್ತಿದ್ದ ಅತ್ತೆಯ ಕೆಂಪು ಸೆರಗಿನ ಮೇಲೆ ಗಸಗಸೆ ಕಾಳುಗಳು ಕಂಡವು. ಅಡುಗೆಗೆ ನಾನು ಗಸಗಸೆ ಹಾಕಿಯೇ ಇರಲಿಲ್ಲ.

ಸಿನಿಮಾ ಅರ್ಧಕ್ಕೆ ಬಿಟ್ಟು ಮೇಲೆ ಹೋಗಿ ಬಾಗಿಲು ಬಡಿದೆ. ಮಾವ ಚಿಲಕ ತೆಗೆದರು. ತುಪ್ಪದಲ್ಲಿ ಹುರಿದ ಅಂಟಿನ ವಾಸನೆ. ಮೇಜಿನ ಮೇಲೆ ತಟ್ಟೆ ತುಂಬ ಗಸಗಸೆ ಉದುರಿಸಿದ ಕರದಂಟು, ಪಕ್ಕದಲ್ಲಿ ಸಕ್ಕರೆ ನೋಡುವ ಯಂತ್ರ.

"ಅತ್ತಿಯವರಿಗೆ ಏನ ತಿನ್ನಸಾಕತ್ತೀರಿ?"

"ಬೆಲ್ಲ ಹಾಕಿಲ್ಲವ್ವಾ, ಬರೇ ಖರ್ಜೂರ. ಆಕಿಗೆ ಆಸೆ ಭಾಳ. ನಾ ಮೊದಲ ತಿಂದು, ರಕ್ತ ನೋಡಿ, ಆಮ್ಯಾಲೆ ಕೊಡ್ತೇನಿ. ಒಮ್ಮಿನೂ ಏರಿಲ್ಲ!"

"ನಿಮಗ ಸಕ್ಕರಿ ಬ್ಯಾನಿನ ಇಲ್ಲಲ್ರಿ. ನಿಮಗೆಲ್ಲಿ ಏರ್ತದ? ಅತ್ತಿ ರಕ್ತ ಯಾಕ ನೋಡಲಿಲ್ಲ?"

ಮಾವ ಮೆಲ್ಲಗೆ ಮಂಚದ ಮೇಲೆ ಕೂತರು. "ಚುಚ್ಚಿದ್ರ ಆಕಿಗೆ ನೋಯ್ತದ," ಎಂದರು.

ಅಷ್ಟರಲ್ಲಿ ಅತ್ತೆ ಕುಂಟುತ್ತ ಮೆಟ್ಟಿಲೇರಿ ಬಂದಿದ್ದರು. "ಅವರಿಗೆ ಬೈಬ್ಯಾಡ. ನಾನ ಕೇಳಿ ತಿಂದೀನಿ. ನಿನ್ನ ಸಿನಿಮಾದಾಕಿ ಬಾಯಿ ಮುಚಗೊಂಡು ಸಾಯ್ತಾಳ. ನಾ ತಿಂದಾದ್ರೂ ಸಾಯ್ತೇನಿ."

ನಗು ಬಂತು. ನಗದೆ ಅತ್ತೆಯ ಕೈಬೆರಳು ಹಿಡಿದು ಚುಚ್ಚಿದೆ. ಯಂತ್ರದಲ್ಲಿ ಬಂದ ಅಂಕಿ ನೋಡಿ ಮಾವ ತಾವೇ ತಟ್ಟೆ ಎತ್ತಿ ಪಕ್ಕದ ಮನೆಗೆ ಕೊಟ್ಟು ಬಂದರು.

ಕಾಲ್ಬೆರಳು ಉಳಿಯಿತು, ಗಾಯ ಮಾಯಲು ಮಾತ್ರ ತಿಂಗಳುಗಳೇ ಬೇಕಾದವು. ಮೇಲಿನ ಕೋಣೆಯ ಚಿಲಕ ತೆಗೆಸಿದ್ದೇನೆ. ಆದರೂ ಸಿನಿಮಾದ ನಡುವೆ ಅತ್ತೆಯ ಸೆರಗನ್ನೊಮ್ಮೆ ನೋಡುವುದು ರೂಢಿಯಾಗಿಬಿಟ್ಟಿದೆ. ಮೊನ್ನೆ ಅಲ್ಲಿ ಏನೋ ಬೆಳ್ಳಗೆ ಕಂಡಿತು.

"ಎಳ್ಳದು," ಎಂದರು ಅತ್ತೆ, ನಾನಿನ್ನೂ ಕೇಳುವ ಮೊದಲೇ.